ಕಮ್ಮರಡಿಯಲ್ಲಿ ಇಳಿದ ಕಲ್ಲಿದ್ದಲು

ನಮ್ಮವರಿಗೆ ಡಾಕ್ಟರೇಟ್ ಪಡೆಯುವ ಆಸೆ ಹುಟ್ಟಿದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಆ ವಯಸ್ಸಿಗೆ ಉಳಿದ ಗಂಡಸರು ಸಕ್ಕರೆ ಕಾಯಿಲೆಯನ್ನೋ ರಾಜಕೀಯವನ್ನೋ ಹಚ್ಚಿಕೊಳ್ಳುತ್ತಾರೆ. ಇವರು ಕಲ್ಲಿದ್ದಲನ್ನು ಹಚ್ಚಿಕೊಂಡರು. ಶೃಂಗೇರಿಯ ಒಂದು ಕಾಲೇಜಿನಲ್ಲಿ ಇವರು ರಸಾಯನಶಾಸ್ತ್ರದ ಮೇಷ್ಟ್ರು. ನಾನು ಕೊಪ್ಪದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ಮನೆ ಕೊಪ್ಪದಲ್ಲಿ. ಇವರು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಶೃಂಗೇರಿಗೆ ಹೋಗಿ, ಪರಮಾಣುವಿನ ರಚನೆ ಹೇಳಿಕೊಟ್ಟು, ಸಂಜೆಯ ಬಸ್ಸಿನಲ್ಲಿ ತೂಕಡಿಸುತ್ತ ವಾಪಸ್ಸು ಬರುತ್ತಿದ್ದರು. ವರ್ಷಗಟ್ಟಲೆ ಇದು ಸುಖವಾಗಿಯೇ ನಡೆದಿತ್ತು. ಪಿಎಚ್.ಡಿ. ಇಲ್ಲದವರಿಗೆ ಮೇಲಿನ ಹುದ್ದೆ ಇಲ್ಲ ಎಂದು ಯಾರೋ ಪುಣ್ಯಾತ್ಮರು ಸುತ್ತೋಲೆ ಕಳಿಸದಿದ್ದರೆ ಈಗಲೂ ನಡೆಯುತ್ತಿತ್ತು.

ಇವರು ಆರಿಸಿಕೊಂಡ ವಿಷಯ, ಕಲ್ಲಿದ್ದಲಿನಿಂದ ನೈಸರ್ಗಿಕ ಅನಿಲ ಹುಟ್ಟುವಾಗ ಕಾರ್ಬನ್ನಿನ ಸಮಸ್ಥಾನಿಗಳ ವರ್ತನೆ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳನ್ನು ಪಾತಾಳದವರೆಗೆ ಅಗೆದರೂ ಒಂದು ಹಿಡಿ ಕಲ್ಲಿದ್ದಲು ಸಿಗುವುದಿಲ್ಲ. ಅದನ್ನು ನನಗೆ ಹೇಳಿದವರೂ ಇವರೇ.

"ಮತ್ತೆ ಇಲ್ಲೇ ಸಿಗೋ ಎಂತದಾದ್ರೂ ತಗಳ್ಳಬಾರದಿತ್ತಾ? ಅಡಿಕೆ ತೊಗರು, ಕಾಫಿ, ಏಲಕ್ಕಿ?"

"ಅದನ್ನೆಲ್ಲ ಆಗಲೇ ಯಾರ್ಯಾರೋ ಮಾಡಿ ಮುಗಿಸಿದಾರೆ ಮಾರಾಯ್ತಿ. ಇದು ಹೊಸದು."

ಹೊಸದು ಎನ್ನುವುದರಲ್ಲಿ ಸುಳ್ಳಿರಲಿಲ್ಲ. ಶೃಂಗೇರಿಯಲ್ಲಿ ನಿಂತು 'ಸಮಸ್ಥಾನಿ' ಎಂದರೆ ಕೇಳಿದವರು 'ಸಂಸ್ಥಾನ' ಎಂದುಕೊಂಡು ಕೈಮುಗಿಯುತ್ತಾರೆ. ಅದಕ್ಕೇ ಇವರು ಸ್ವಲ್ಪ ದಿನದಲ್ಲಿ 'ಐಸೊಟೋಪ್' ಎಂದು ಬದಲಾಯಿಸಿಕೊಂಡರು. ಆಮೇಲೆ ಅದೂ ಬೇಡವಾಗಿ 'ಗ್ಯಾಸ್ ಮೇಲೆ ಕೆಲಸ ಮಾಡ್ತಿದೀನಿ' ಎನ್ನತೊಡಗಿದರು. ಅಂದಿನಿಂದ ಕಾಲೇಜಿನ ಅಟೆಂಡರ್ ತನ್ನ ಹೊಟ್ಟೆಯುಬ್ಬರಕ್ಕೆ ಇವರಲ್ಲಿ ಔಷಧಿ ಕೇಳಲು ಶುರುಮಾಡಿದ. ಇವರು ಓಮದ ನೀರು ಹೇಳಿದರು, ಅವನಿಗೆ ವಾಸಿಯೂ ಆಯಿತು. ಸಂಶೋಧನೆಯ ಮೊದಲ ಎರಡು ವರ್ಷದಲ್ಲಿ ಸಮಾಜಕ್ಕಾದ ಉಪಕಾರ ಅದೊಂದೇ.

ವಿಷಯ ಏನೆಂದು ನನಗೂ ಅರ್ಥವಾಗಬೇಕೆಂಬ ಹಟ ಇವರಿಗೆ. ಪ್ರಬಂಧ ಟೈಪು ಮಾಡಬೇಕಾದವಳು ನಾನು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ದೋಸೆ ಹುಯ್ಯುತ್ತಿದ್ದವಳ ಪಕ್ಕದಲ್ಲಿ ನಿಂತು ಹೇಳುತ್ತಿದ್ದರು. ಕಾರ್ಬನ್ನಿನಲ್ಲಿ ಮುಖ್ಯವಾಗಿ ಎರಡು ಬಗೆ, ಹನ್ನೆರಡು ತೂಕದ್ದು, ಹದಿಮೂರು ತೂಕದ್ದು. ಗುಣದಲ್ಲಿ ಎರಡೂ ಒಂದೇ, ತೂಕದಲ್ಲಿ ಮಾತ್ರ ಒಂದು ಹೆಚ್ಚು ಕಮ್ಮಿ. ನೆಲದಡಿಯಲ್ಲಿ ಹೂತುಹೋದ ಕಾಡು ಕಲ್ಲಿದ್ದಲಾಗಿ, ಆಮೇಲೆ ಭೂಮಿಯ ಕಾವಿಗೆ ಕೋಟಿಗಟ್ಟಲೆ ವರ್ಷ ಬೇಯುತ್ತ ಬೇಯುತ್ತ ಅನಿಲ ಬಿಡುತ್ತದೆ. ಹಗುರ ಕಾರ್ಬನ್ನಿನ ಕೊಂಡಿ ಬೇಗ ಕಳಚುತ್ತದೆ, ಭಾರದ್ದು ತಡ. ಹಾಗಾಗಿ ಮೊದಲು ಬರುವ ಅನಿಲದಲ್ಲಿ ಹಗುರದ್ದು ಜಾಸ್ತಿ. ಬೇಯುತ್ತ ಹೋದಂತೆ ಅನಿಲ ಭಾರವಾಗುತ್ತ ಹೋಗುತ್ತದೆ.

ನನಗೆ ಇದು ಕಷ್ಟವಾಗಲಿಲ್ಲ. ನಮ್ಮ ಶಾಲೆಯಲ್ಲಿ ಕೊನೆಯ ಬೆಲ್ಲು ಹೊಡೆದ ಕೂಡಲೇ ಎಂಟನೆಯ ತರಗತಿಯ ಪುಟಾಣಿಗಳು ಗೇಟು ದಾಟಿರುತ್ತವೆ, ಹತ್ತನೆಯವರು ಮೈಮುರಿದುಕೊಂಡು ಆಮೇಲೆ ಬರುತ್ತಾರೆ. ಗೇಟಿನ ಹತ್ತಿರ ನಿಂತು ಯಾರು ಹೊರಗೆ ಬರುತ್ತಿದ್ದಾರೆ ಎಂದು ನೋಡಿದರೆ ಬೆಲ್ಲು ಹೊಡೆದು ಎಷ್ಟು ಹೊತ್ತಾಯಿತು ಎಂದು ಹೇಳಬಹುದು. ಹೀಗೆಂದೆ. ಇವರು "ಹೆಚ್ಚು ಕಮ್ಮಿ ಹಂಗೇ" ಎಂದರು. ಮಾರನೆಯ ದಿನ ಅದನ್ನು ತಮ್ಮದೇ ಹೋಲಿಕೆಯಾಗಿ ಕ್ಲಾಸಿನಲ್ಲಿ ಬಳಸಿದರಂತೆ.

ಪ್ರಯೋಗ ನಡೆಯುವುದು ದೂರದ ನಗರವೊಂದರ ಪ್ರಯೋಗಾಲಯದಲ್ಲಿ, ಇವರ ಗೈಡ್ ಇರುವ ಕಡೆ. ಭೂಮಿ ಕೋಟಿಗಟ್ಟಲೆ ವರ್ಷದಲ್ಲಿ ಮಾಡುವ ಕೆಲಸವನ್ನು ಕೆಲವು ದಿನಗಳಲ್ಲಿ ಮುಗಿಸಲು ಕಲ್ಲಿದ್ದಲಿನ ಪುಡಿಯನ್ನು ಸಣ್ಣ ಕೊಳವೆಯಲ್ಲಿ ತುಂಬಿ, ಎರಡೂ ಬಾಯಿ ಬೆಸೆದು, ಒತ್ತಡದಲ್ಲಿಟ್ಟು ಕಾಯಿಸುತ್ತಾರೆ. ಆ ಕೊಳವೆ ಯಾವುದರದ್ದು ಎಂದು ಕೇಳಿದೆ. ಚಿನ್ನದ್ದು ಎಂದರು. ಶಾಖಕ್ಕೆ ಏನೂ ಆಗಬಾರದು, ಒಳಗಿನದರ ಜೊತೆ ಸೇರಲೂ ಬಾರದು, ಅದಕ್ಕೇ ಚಿನ್ನ. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ಚಿನ್ನದ ಗುಣವನ್ನು ಅಷ್ಟು ಆಸಕ್ತಿಯಿಂದ ವರ್ಣಿಸಿದ್ದು ಅದೇ ಮೊದಲು. ನನ್ನ ಕಿವಿಯಲ್ಲಿ ತವರಿನ ಓಲೆಯೇ ಇತ್ತು. ಕಲ್ಲಿದ್ದಲಿಗಾದರೂ ಆ ಭಾಗ್ಯ ಸಿಗಲಿ ಎಂದುಕೊಂಡೆ.

ಎಲ್ಲ ಕಲ್ಲಿದ್ದಲೂ ಈ ಕೆಲಸಕ್ಕೆ ಆಗುವುದಿಲ್ಲ. ಎಳೆಯದು ಬೇಕು. ಎಳೆಯದು ಎಂದರೆ ಇಪ್ಪತ್ತೈದು ಕೋಟಿ ವರ್ಷದ್ದೇ, ಆದರೆ ಹೆಚ್ಚು ಕಾವು ತಿನ್ನದೆ, ಅನಿಲವನ್ನು ಇನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡದ್ದು. ಗೈಡ್ ತಮ್ಮ ಪರಿಚಯದ ಗಣಿಯೊಂದರಿಂದ ಅಂಥದ್ದೊಂದು ಪದರ ಹುಡುಕಿಸಿ, ಒಂದು ತುಂಡನ್ನು ತಾವೇ ಪರೀಕ್ಷಿಸಿ ನೋಡಿ, ಉಳಿದದ್ದನ್ನು ಚೀಲದಲ್ಲಿ ಇವರಿಗೆ ಕಳಿಸಿದರು. ಇವರು ಇಲ್ಲಿ ಒಡೆದು, ಪುಡಿಮಾಡಿ, ಜರಡಿ ಹಿಡಿದು, ರಜೆಯಲ್ಲಿ ಪ್ರಯೋಗಾಲಯಕ್ಕೆ ಒಯ್ಯುವುದು ಎಂದು ಏರ್ಪಾಡು. ಚೀಲ ಶಿವಮೊಗ್ಗಕ್ಕೆ ಲಾರಿಯಲ್ಲಿ ಬಂದು, ಅಲ್ಲಿಂದ ಶೃಂಗೇರಿ ಬಸ್ಸಿನಲ್ಲಿ ಕಾಲೇಜಿಗೆ ಬರಬೇಕಿತ್ತು.

ಬರಲಿಲ್ಲ. ಇವರು ನಾಲ್ಕು ದಿನ ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಬಂದ ಬಂದ ಬಸ್ಸಿನ ಡಿಕ್ಕಿ ಇಣುಕಿದರು. ಐದನೆಯ ದಿನ ಒಬ್ಬ ಕಂಡಕ್ಟರಿಗೆ ನೆನಪಾಯಿತು.

"ಕಲ್ಲಿದ್ದಲಾ? ಅದನ್ನ ಕಮ್ಮರಡಿ ಆಚಾರ್ರಿಗೆ ಕೊಟ್ನಲ್ಲ ಸಾರ್. ಕಾಲೇಜಿಗೆ ಯಾರು ಕಲ್ಲಿದ್ದಲು ತರಿಸ್ತಾರೆ?"

ಅವನ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಚೀಲದ ಮೇಲಿನ ವಿಳಾಸ ನೀರು ಬಿದ್ದು ಅಳಿಸಿತ್ತು. ಒಳಗೆ ಕಲ್ಲಿದ್ದಲು. ದಾರಿಯಲ್ಲಿ ಕಮ್ಮರಡಿ, ಅಲ್ಲೊಬ್ಬ ಕಮ್ಮಾರ.

ಇವರಿಗೆ ಪರೀಕ್ಷೆಯ ಡ್ಯೂಟಿ. ಹಾಗಾಗಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನೇ ಕಮ್ಮರಡಿಗೆ ಹೋದೆ. ಆಚಾರ್ರ ಕುಲುಮೆ ಬಸ್ಸು ನಿಲ್ಲುವ ಕಡೆ, ಪಂಕ್ಚರ್ ಅಂಗಡಿಯ ಹಿಂದೆ. ಅರವತ್ತು ದಾಟಿದ, ತೆಳ್ಳಗಿನ, ಬಹಳ ಮರ್ಯಾದಸ್ಥ ಮನುಷ್ಯ. ಕೊನೆಕತ್ತಿ, ಕುಡುಗೋಲು, ಕೊಡಲಿ ಎಲ್ಲ ಅವರ ಕೈಯಿಂದಲೇ ಸುತ್ತಲಿನ ತೋಟಗಳಿಗೆ ಹೋಗುತ್ತಿದ್ದವು. ನಾನು ಬಂದ ಕಾರಣ ಹೇಳಿದ ಮೇಲೆ ಅವರು ಸುತ್ತಿಗೆ ಕೆಳಗಿಟ್ಟು, ಕೂರಲು ಮಣೆ ಕೊಟ್ಟರು.

"ತಪ್ಪು ನಂದೇ ಟೀಚರ್ರೇ. ನಾನು ಶಿವಮೊಗ್ಗಕ್ಕೆ ಒಂದು ಚೀಲ ಹೇಳಿಟ್ಟಿದ್ದೆ. ಅದೇ ಬಂತು ಅಂದ್ಕಂಡೆ. ಮೂರು ದಿನ ಉರ್ಸಿದೀನಿ."

"ಎಷ್ಟು ಉಳಿದಿದೆ?"

"ಮುಕ್ಕಾಲು ಇದ್ದಾತು. ಆದ್ರೆ ನೀವು ಯೋಚ್ನೆ ಮಾಡ್ಬೇಡಿ. ನಾನು ಚೀಲ ತುಂಬ್ಸಿ ಕೊಡ್ತೀನಿ."

ಕುಲುಮೆಯ ಕೆಲಸ ನಿಂತಾಗ ಅರ್ಧ ಉರಿದ ಇದ್ದಲಿಗೆ ನೀರು ಹಾಕಿ ಆರಿಸಿ, ಪಕ್ಕಕ್ಕೆಳೆದು ಗುಡ್ಡೆ ಮಾಡಿಟ್ಟಿರುತ್ತಾರೆ, ಇನ್ನೊಮ್ಮೆ ಉರಿಸಲು. ಆಚಾರ್ರು ಆ ಗುಡ್ಡೆಯಿಂದ ಒಳ್ಳೊಳ್ಳೆಯ ತುಂಡು ಆರಿಸಿ, ಉಳಿದವಕ್ಕೆ ಹೊಂದುವಂತೆ ಸುತ್ತಿಗೆಯಲ್ಲಿ ಒಡೆದು, ಚೀಲದ ಬಾಯಿಯವರೆಗೆ ತುಂಬಿಸಿದರು. ಚೀಲ ಹೊಲಿದು, ಅದರ ಮೇಲೆ ಸೀಮೆಸುಣ್ಣದಲ್ಲಿ 'ಶೃಂಗೇರಿ ಕಾಲೇಜು' ಎಂದು ದುಂಡಗೆ ಬರೆದರು. ಹೊರಡುವಾಗ ಒಂದು ಮಾತು ಹೇಳಿದರು.

"ಸಾರಿಗೆ ಹೇಳಿ ಮತ್ತೆ, ಮೇಲಿಂದು ಅರ್ಧ ಬೆಂದದ್ದು ಅಂತ. ಬೆಂಕಿ ಹತ್ತಕ್ಕೆ ಸ್ವಲ್ಪ ಸತಾಯ್ಸುತ್ತೆ."

"ಹೇಳ್ತೀನಿ" ಎಂದೆ.

ಹೇಳಲಿಲ್ಲ. ಹೇಳಬಾರದೆಂದು ತೀರ್ಮಾನಿಸಿ ಸುಮ್ಮನಿದ್ದದ್ದಲ್ಲ. ಚೀಲ ಕಂಡ ಕೂಡಲೇ ಇವರು ಅದನ್ನು ಅಪ್ಪಿ ಹಿಡಿದು ಜಗುಲಿಯ ಮೇಲಿಟ್ಟ ರೀತಿ ನೋಡಿ ಬಾಯಿ ಕಟ್ಟಿತು. ನಾಲ್ಕು ದಿನ ಊಟ ಸರಿಯಾಗಿ ಮಾಡದವರು ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು. ಒಳ್ಳೆಯ ಮನಸ್ಥಿತಿಯಲ್ಲಿದ್ದಾಗ ಹೇಳಿದರಾಯಿತು ಎಂದುಕೊಂಡೆ. ಜೊತೆಗೆ ನನ್ನದೂ ಒಂದು ಸಿದ್ಧಾಂತವಿತ್ತು: ಕರಿಯದು ಕರಿಯದೇ. ಇಪ್ಪತ್ತೈದು ಕೋಟಿ ವರ್ಷ ಭೂಮಿಯೊಳಗೆ ಬಿದ್ದಿದ್ದಕ್ಕೆ ಕಮ್ಮರಡಿಯ ಮೂರು ದಿನ ಯಾವ ಲೆಕ್ಕ. ಹತ್ತು ಜನ ವಿಜ್ಞಾನಿಗಳನ್ನು ನಿಲ್ಲಿಸಿ ಕೇಳಿದರೂ ಗೊತ್ತಾಗುವುದಿಲ್ಲ ಎಂಬ ಧೈರ್ಯ ನನಗೆ. ಒಬ್ಬ ವಿಜ್ಞಾನಿಯ ವಿಷಯದಲ್ಲಂತೂ ನನ್ನ ಧೈರ್ಯ ನಿಜವೇ ಆಯಿತು. ಇವರು ವಾರಗಟ್ಟಲೆ ಹಿತ್ತಿಲಲ್ಲಿ ಕೂತು, ಮೂಗಿಗೆ ನನ್ನ ಹಳೆಯ ದುಪ್ಪಟ್ಟಾ ಕಟ್ಟಿಕೊಂಡು, ಚೀಲದ ಮೇಲಿನ ತುಂಡುಗಳನ್ನೇ ತೆಗೆತೆಗೆದು ಕುಟ್ಟಿದರು. ಅವು ಬೂದುಬಣ್ಣಕ್ಕೆ ತಿರುಗಿದ್ದನ್ನು, ಮೈಯೆಲ್ಲ ತೂತಾಗಿದ್ದನ್ನು ನೋಡಿ, "ಎಂಥ ಅಪರೂಪದ ರಚನೆ ನೋಡು" ಎಂದು ನನಗೇ ತೋರಿಸಿದರು. ನಾನು ನೋಡಿದೆ.

ರಜೆಯಲ್ಲಿ ಪ್ರಯೋಗಾಲಯಕ್ಕೆ ಹೋದವರು ಎರಡನೆಯ ವಾರ ಫೋನು ಮಾಡಿದರು. ಅಷ್ಟು ಗೆಲುವಿನ ದನಿ ನಾನು ಕೇಳಿರಲಿಲ್ಲ.

"ಪುಸ್ತಕದಲ್ಲಿರೋ ಹಂಗೆ ಬರ್ತಿಲ್ಲ ಕಣೇ. ಮೊದಲ ಅನಿಲವೇ ಭಾರ ಬರ್ತಿದೆ. ಅನಿಲದ ಪ್ರಮಾಣವೂ ಕಮ್ಮಿ. ಹಗುರದ್ದು ಎಲ್ಲೋ ಮೊದಲೇ ಹೋಗಿಬಿಟ್ಟಿದೆ. ಈ ಪದರದ ಕತೆಯೇ ಬೇರೆ. ಗೈಡ್ ಕೂಡ ಇದು ಹೊಸದು ಅಂದ್ರು."

ಬೆಲ್ಲು ಹೊಡೆದು ಎಷ್ಟೋ ಹೊತ್ತಾದ ಮೇಲೆ ಗೇಟಿನ ಹತ್ತಿರ ಹೋಗಿ ನಿಂತವರ ಕತೆ ಇದು ಎಂದು ನನಗೆ ಆ ಕ್ಷಣವೇ ಹೊಳೆಯಿತು. ಪುಟಾಣಿಗಳೆಲ್ಲ ಕಮ್ಮರಡಿಯಲ್ಲೇ ಹೊರಟುಹೋಗಿದ್ದವು. ಇವರು ಒಳ್ಳೆಯ ಮನಸ್ಥಿತಿಯಲ್ಲಿದ್ದಾಗ ಹೇಳಬೇಕೆಂದು ಕಾದಿದ್ದೆನಲ್ಲ, ಈಗ ಆ ಮನಸ್ಥಿತಿ ಬಂದಿತ್ತು. ಬಂದದ್ದು ಮಾತ್ರ ಆ ಇದ್ದಲಿನ ದೆಸೆಯಿಂದಲೇ. ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದು ನನಗೆ ನಾನೇ ಹೇಳಿಕೊಂಡು, "ಊಟ ಮಾಡಿದ್ರಾ?" ಎಂದು ಕೇಳಿದೆ.

ಊರಿಗೆ ಬಂದ ಮೇಲೂ ಹೇಳಲಾಗಲಿಲ್ಲ. ಮೊದಲು ನೆಗಡಿ, ಆಮೇಲೆ ಮೌಲ್ಯಮಾಪನ, ಆಮೇಲೆ ನಾದಿನಿಯ ಮಗಳ ಮದುವೆ. ಅಷ್ಟರಲ್ಲಿ ಇವರೂ ಗೈಡೂ ಸೇರಿ ಇಂಗ್ಲಿಷಿನಲ್ಲಿ ಲೇಖನ ಬರೆದು ಪತ್ರಿಕೆಯೊಂದಕ್ಕೆ ಕಳಿಸಿಯಾಗಿತ್ತು. ಗೈಡಿನ ಹೆಸರು ಮೊದಲು, ಇವರದ್ದು ಆಮೇಲೆ. ಟೈಪು ಮಾಡಿದವಳು ನಾನು. 'ಅಸಾಮಾನ್ಯ' ಎಂಬ ಅರ್ಥದ ಪದವನ್ನು ಹನ್ನೊಂದು ಸಲ ಟೈಪು ಮಾಡಿದೆ, ಪ್ರತಿ ಸಲವೂ ಕಾಗುಣಿತ ಸರಿಯಾಗಿಯೇ ಹೊಡೆದೆ.

ನರಸಿಂಹರಾಜಪುರದ ಕಾಲೇಜೊಂದರಲ್ಲಿ ವಿಜ್ಞಾನ ಸಂಘದವರು ಇವರನ್ನು ಭಾಷಣಕ್ಕೆ ಕರೆದರು. ಭಾನುವಾರವಲ್ಲದಿದ್ದರೂ ರಜೆ ಹಾಕಿಸಿ ನನ್ನನ್ನೂ ಕರೆದುಕೊಂಡು ಹೋದರು, ಹೆಂಡತಿ ನೋಡಲಿ ಎಂದು. ಮುಂದಿನ ಸಾಲಿನಲ್ಲೇ ಕೂರಿಸಿದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಕೆಂಪು ಬೆಳಕಿನ ಪಾಯಿಂಟರು. ಪರದೆಯ ಮೇಲೆ ಎರಡು ಗೆರೆ. ಒಂದು ಎಲ್ಲರ ಕಲ್ಲಿದ್ದಲಿನದು, ಒಂದು ಇವರದು.

"ಈ ಕಲ್ಲಿದ್ದಲು ತನ್ನ ಹಗುರವಾದ ಅನಿಲವನ್ನು ಯಾವಾಗ, ಎಲ್ಲಿ, ಎಷ್ಟು ಆಳದಲ್ಲಿ ಕಳೆದುಕೊಂಡಿತು? ಅದು ಭೂಗರ್ಭದ ರಹಸ್ಯ. ಬಹುಶಃ ನಮಗೆ ತಿಳಿಯದ ಯಾವುದೋ ಅಗ್ನಿಶಿಲೆಯ ಶಾಖ ಇದಕ್ಕೆ ತಾಗಿರಬೇಕು."

ಆಳ ನನಗೆ ಗೊತ್ತಿತ್ತು. ಮೊಣಕಾಲುದ್ದ. ಸ್ಥಳ, ಪಂಕ್ಚರ್ ಅಂಗಡಿಯ ಹಿಂದೆ.

ಪ್ರಶ್ನೆ ಕೇಳಬಹುದು ಎಂದಾಗ ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. ಎರಡು ಜಡೆ, ಭಯದ ದನಿ.

"ಸರ್, ನೀವು ಪ್ರಯೋಗ ಮಾಡೋ ಮೊದಲೇ ಅದನ್ನ ಯಾರಾದ್ರೂ ಒಂದ್ಸಲ ಕಾಯ್ಸಿದ್ರೆ ಹಿಂಗೇ ಬರುತ್ತಲ್ವಾ?"

ಇವರು ನಕ್ಕರು. "ಇಪ್ಪತ್ತೈದು ಕೋಟಿ ವರ್ಷದ ಹಿಂದೆ ಅಲ್ಲಿ ಒಲೆ ಹಚ್ಚೋಕೆ ಯಾರಿದ್ರಮ್ಮ?"

ಸಭೆಯೆಲ್ಲ ನಕ್ಕಿತು. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಕೂತಳು. ನಾನೂ ದಿನಾ ನೂರು ಮಕ್ಕಳ ಎದುರು ನಿಲ್ಲುವವಳು. ಸರಿಯಾದ ಉತ್ತರ ಹೇಳಿ ನಗೆಪಾಟಲಾದ ಮಗು ಆಮೇಲೆ ವರ್ಷವಿಡೀ ಕೈ ಎತ್ತುವುದಿಲ್ಲ ಎಂದು ನನಗೆ ಗೊತ್ತು. ಅಲ್ಲಿಯವರೆಗೆ ನಾನು ಗಂಡನಿಗೆ ಮಾತ್ರ ಮೋಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅದು ಸಂಸಾರದಲ್ಲಿ ಇದ್ದದ್ದೇ ಎಂದು ಸಮಾಧಾನವೂ ಇತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇವರಿಗೆ ಹಾಕಿದ ಶಾಲು, ಹಣ್ಣಿನ ಬುಟ್ಟಿ ನನ್ನ ತೊಡೆಯ ಮೇಲಿದ್ದವು. ಶೆಟ್ಟಿಕೊಪ್ಪದಲ್ಲಿ ಅರ್ಧ ಬಸ್ಸು ಇಳಿಯಿತು. ಅಕ್ಕಪಕ್ಕ ಯಾರೂ ಇಲ್ಲದ್ದು ನೋಡಿ ಹೇಳಿದೆ.

"ಆ ಹುಡುಗಿ ಹೇಳಿದ್ದು ಸರಿ."

"ಯಾವ ಹುಡುಗಿ?"

"ನಿಮ್ಮ ಕಲ್ಲಿದ್ದಲನ್ನ ಮೊದಲೇ ಕಾಯಿಸಿದ್ದಾಗಿತ್ತು. ಕಮ್ಮರಡಿ ಆಚಾರ್ರು. ಕತ್ತಿ ಕಾಯ್ಸಕ್ಕೆ."

ಎಲ್ಲವನ್ನೂ ಹೇಳಿದೆ. ಗುಡ್ಡೆಯಿಂದ ಆರಿಸಿದ್ದು, ಸುತ್ತಿಗೆಯಲ್ಲಿ ಒಡೆದದ್ದು, ಆಚಾರ್ರು ಹೇಳಲು ಹೇಳಿದ್ದು, ನಾನು ಹೇಳದೆ ಉಳಿದದ್ದು. ಇವರು ಕಿಟಕಿಯ ಕಡೆ ತಿರುಗಿದರು. ಕೊಪ್ಪ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಒಂದೇ ಒಂದು ಕೇಳಿದರು.

"ಅಷ್ಟು ದಿನ ನಾನು ಕುಟ್ಟುತ್ತಾ ಕೂತಿದ್ದನ್ನ ನೋಡ್ತಾ ಇದ್ಯಲ್ಲ. ನಗು ಬರ್ಲಿಲ್ವಾ?"

"ಇಲ್ಲ" ಎಂದೆ. ಅದೊಂದು ನಿಜ. ಆ ಹೊತ್ತಿಗೆ ಬೈದಿದ್ದರೆ ನಾನೂ ನಾಲ್ಕು ತಿರುಗಿ ಹೇಳಿ ಹಗುರಾಗಬಹುದಿತ್ತು. ಇವರು ಬೈಯಲಿಲ್ಲ. ವಾರದವರೆಗೆ ನನ್ನೊಡನೆ ಬಹಳ ಮರ್ಯಾದೆಯಿಂದ ನಡೆದುಕೊಂಡರು. ಉಪ್ಪು ಬೇಕಾದರೆ "ಸ್ವಲ್ಪ ಉಪ್ಪು ಸಿಗಬಹುದಾ" ಎನ್ನುತ್ತಿದ್ದರು. ಹೋಟೆಲಿನಲ್ಲಿ ಬಡಿಸಿದ ಹಾಗಾಗುತ್ತಿತ್ತು ನನಗೆ.

ಎಂಟನೆಯ ದಿನ ಗೈಡಿಗೆ ಪತ್ರ ಬರೆದರು. ನಡೆದದ್ದು ಪೂರ್ತಿ, ಒಂದು ಸಾಲನ್ನೂ ನನ್ನ ಮೇಲೆ ಹಾಕದೆ. 'ಚೀಲವನ್ನು ತೆಗೆದುಕೊಂಡಾಗ ನಾನು ಪರಿಶೀಲಿಸಬೇಕಿತ್ತು' ಎಂದು ಬರೆದಿದ್ದರು. ಅದನ್ನೂ ನಾನೇ ಟೈಪು ಮಾಡಿದೆ. ಮುಗಿಯುವವರೆಗೆ ಕನ್ನಡಕ ಎರಡು ಸಲ ಒರೆಸಿಕೊಳ್ಳಬೇಕಾಯಿತು.

ಗೈಡ್ ಮೂರು ವಾರ ಉತ್ತರ ಕೊಡಲಿಲ್ಲ. ಆಮೇಲೆ ತಿಳಿಯಿತು, ಅವರು ಆಗಲೇ ಎರಡು ದೊಡ್ಡ ಸಭೆಗಳಲ್ಲಿ ಈ ಅಸಾಮಾನ್ಯ ಪದರದ ಬಗ್ಗೆ ಮಾತಾಡಿ ಬಂದಿದ್ದರು. ಎರಡೂ ಕಡೆ ಚಪ್ಪಾಳೆ ಬಿದ್ದಿತ್ತು. ಕೊನೆಗೆ ಬಂದ ಉತ್ತರದಲ್ಲಿ ಬೈಗುಳವೂ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ಇದ್ದದ್ದು ಇಷ್ಟೇ: ಲೇಖನವನ್ನು ವಾಪಸ್ಸು ತರಿಸಿಕೊಂಡಿದ್ದೇನೆ. ಹೊಸ ಚೀಲ ಕಳಿಸುತ್ತೇನೆ. ಹಳೆಯ ಫಲಿತಾಂಶಗಳನ್ನು 'ಪೂರ್ವತಾಪಿತ ಮಾದರಿ' ಎಂಬ ಶೀರ್ಷಿಕೆಯಡಿ ಬೇರೆ ಅಧ್ಯಾಯವಾಗಿ ಇಡಬಹುದು, ಆದರೆ ಮೊದಲು ಎಷ್ಟು ಶಾಖಕ್ಕೆ, ಎಷ್ಟು ಹೊತ್ತು ಕಾಯಿಸಲಾಗಿತ್ತು ಎಂಬ ವಿವರ ಬೇಕು. ಕುಲುಮೆಯಲ್ಲಿ ಬಿದ್ದ ಇದ್ದಲು ಹೀಗೆ ಒಂದೇ ಸಾಲಿನಲ್ಲಿ ಸಂಸ್ಕೃತ ಕಲಿತು ಅಧ್ಯಾಯವಾಯಿತು. ವಿದ್ವಾಂಸರ ಕೈಯಲ್ಲಿ ತಪ್ಪಿಗೂ ಒಂದು ಪದವಿ ಸಿಗುತ್ತದೆ ಎಂದು ನನಗೆ ಆಗ ಗೊತ್ತಾದದ್ದು.

ಹೊಸ ಚೀಲ ತರಲು ಇವರೇ ಶಿವಮೊಗ್ಗಕ್ಕೆ ಹೋದರು. ಬಸ್ಸಿನಲ್ಲಿ ಅದನ್ನು ಕಾಲಿನ ಮಧ್ಯೆ ಇಟ್ಟುಕೊಂಡು, ಕಮ್ಮರಡಿ ಬಂದಾಗ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದರಂತೆ. ಮುಂದಿನ ಭಾನುವಾರ ಆ ಚೀಲದಿಂದ ಸ್ವಲ್ಪ ಇದ್ದಲು, ಉದ್ದ ತಂತಿಯ ಶಾಖಮಾಪಕ, ಗಡಿಯಾರ, ನೋಟ್‌ಬುಕ್ಕು, ನಾನು, ಎಲ್ಲ ಸೇರಿ ಕುಲುಮೆಗೆ ಹೋದೆವು. ಇವರು ಆಚಾರ್ರಿಗೆ ವಿಷಯ ವಿವರಿಸಿದರು. ಆಚಾರ್ರು ನನ್ನ ಕಡೆ ನೋಡಿದರು.

"ಟೀಚರ್ರು ಹೇಳಿರ್ಲಿಲ್ವಾ?"

"ಮರೆತಿದ್ರು" ಎಂದರು ನಮ್ಮವರು. ಆ ಒಂದು ಮಾತಿಗೆ ನಾನು ಅವರ ವಾರದ ಮರ್ಯಾದೆಯನ್ನೆಲ್ಲ ಕ್ಷಮಿಸಿದೆ.

ಆಚಾರ್ರಿಗೆ ಅವತ್ತು ಕತ್ತಿಯ ಕೆಲಸ ಇರಲಿಲ್ಲ. ಆದರೂ ಸುಮ್ಮನೆ ಊದುವುದು ಮನಸ್ಸಿಗೆ ಒಗ್ಗದೆ ಒಂದು ಹಳೆಯ ಕೊಡಲಿ ಹುಡುಕಿ ಬೆಂಕಿಗಿಟ್ಟರು. "ಅವತ್ತು ಹಿಂಗೇ ಊದಿದ್ದು. ಕಬ್ಬಿಣ ಹೊಂಬಣ್ಣಕ್ಕೆ ಬರಬೇಕು. ಇದಕ್ಕಿಂತ ಜಾಸ್ತಿ ಆದ್ರೆ ಅಲಗು ಹಾಳು." ಇವರು ಶಾಖ ಓದಿದರು, ನಾನು ಬರೆದುಕೊಂಡೆ. ಹೊಗೆಗೆ ಮೂವರೂ ಕೆಮ್ಮಿದೆವು. ಮೊದಲು ಹಳದಿ ಉರಿ, ದಟ್ಟ ಹೊಗೆ. ಆಮೇಲೆ ಉರಿ ಸಣ್ಣದಾಗಿ ಬರೀ ಕೆಂಡ. ಆ ಹಳದಿ ಉರಿಯಲ್ಲೇ ತಮ್ಮ ಹಗುರ ಅನಿಲ ಹೋಗುತ್ತಿದೆ ಎಂದು ಇವರು ತೋರಿಸಿದರು. ಮೂರು ವರ್ಷ ಟೈಪು ಮಾಡಿದ್ದನ್ನು ನಾನು ಕಣ್ಣಿನಲ್ಲಿ ನೋಡಿದ್ದು ಆಗಲೇ. ಆಚಾರ್ರಿಗೆ ಇದರಲ್ಲಿ ಯಾವ ಬೆರಗೂ ಕಾಣಲಿಲ್ಲ. ಕೊಡಲಿ ಚೆನ್ನಾಗಿ ಬಂತು ಎಂದು ಮಾತ್ರ ಅವರಿಗೆ ಸಂತೋಷ.

ನರಸಿಂಹರಾಜಪುರಕ್ಕೂ ಇನ್ನೊಮ್ಮೆ ಹೋಗಬೇಕೆಂದು ನಾನು ಹಟ ಹಿಡಿದೆ. ಇವರು ಹೋದರು. ಕ್ಲಾಸಿನಲ್ಲಿ ನಿಂತು, ಅವತ್ತು ಕೇಳಿದ ಪ್ರಶ್ನೆಯೇ ಸರಿ, ತಮ್ಮ ಉತ್ತರ ತಪ್ಪು ಎಂದು ಹೇಳಿದರು. ಪ್ರಶ್ನೆ ಕೇಳಿದವಳು ಎದ್ದು ನಿಂತು, "ಪರವಾಗಿಲ್ಲ ಸರ್" ಎಂದಳಂತೆ. ಆಮೇಲೆ, ಬಸ್ಸಿಗೆ ಹೊತ್ತಾಯಿತು, ಹೋಗಬಹುದಾ ಎಂದು ಕೇಳಿದಳಂತೆ. ಬಹುಶಃ ಅವಳು ಆ ಭಾಷಣವನ್ನೇ ಮರೆತಿದ್ದಳು. ಇವರು ಮಾತ್ರ ಮನೆಗೆ ಬಂದವರು ಬಹಳ ದಿನದ ಮೇಲೆ ಕೂಗಿ ಕಾಫಿ ಕೇಳಿದರು, ಮರ್ಯಾದೆಯಿಲ್ಲದೆ.

ಪ್ರಬಂಧ ಮುಗಿಯಿತು. ಹೊಸ ಚೀಲದ ಕಲ್ಲಿದ್ದಲು ಪುಸ್ತಕದಲ್ಲಿರುವ ಹಾಗೇ ನಡೆದುಕೊಂಡಿತು. ಮೊದಲು ಹಗುರದ್ದು, ಆಮೇಲೆ ಭಾರದ್ದು, ಯಾವ ರಹಸ್ಯವೂ ಇಲ್ಲ. ಮೌಖಿಕ ಪರೀಕ್ಷೆಗೆ ಬಂದ ಹಿರಿಯರು ಅದನ್ನೆಲ್ಲ ಬೇಗಬೇಗ ಮಗುಚಿ, ಪೂರ್ವತಾಪಿತ ಅಧ್ಯಾಯದ ಮೇಲೆ ಮಾತ್ರ ಅರ್ಧ ಗಂಟೆ ಪ್ರಶ್ನೆ ಕೇಳಿದರಂತೆ. ಅದರಲ್ಲೊಂದು, ಆ ಕುಲುಮೆ ಯಾವ ಕಂಪನಿಯದ್ದು ಎಂದು.

ಇವರು ಈಗ ಡಾಕ್ಟರ್. ಮೇಲಿನ ಹುದ್ದೆಯೂ ಸಿಕ್ಕಿದೆ. ಕಾಲೇಜಿನ ಗುಣಮಟ್ಟ ಸಮಿತಿಗೆ ಇವರೇ ಮುಖ್ಯಸ್ಥರು. ಬೆಳಗಿನಿಂದ ಸಂಜೆಯವರೆಗೆ ಉಳಿದ ಮೇಷ್ಟ್ರುಗಳು ಎಷ್ಟು ಸಂಶೋಧನೆ ಮಾಡಿದ್ದಾರೆ ಎಂದು ಕೋಷ್ಟಕ ತುಂಬುತ್ತಾರೆ. ಪಾಠ ಮಾಡಲು ಬಿಡುವಿಲ್ಲ, ಪ್ರಯೋಗದ ಮಾತಂತೂ ಇಲ್ಲವೇ ಇಲ್ಲ. ಕೋಷ್ಟಕಗಳನ್ನು ಟೈಪು ಮಾಡಿಕೊಡು ಎಂದು ಮೊನ್ನೆ ಕೇಳಿದರು. ಆಗುವುದಿಲ್ಲ ಎಂದು ಅಲ್ಲೇ, ಕೇಳಿದ ಗಳಿಗೆಯಲ್ಲೇ ಹೇಳಿದೆ.